ಹಳೇ ಗಾಡಿ, ಹೊಸ ಸಾಲ ಮತ್ತು ಯೋವಾಷನ ಪೆಟ್ಟಿಗೆ

ಯೌವನಸ್ಥರ ಕೂಟದ ಪಾಠ, ರಾಣೆಬೆನ್ನೂರು
ಓದುವ ಭಾಗ: 2 ಅರಸುಗಳು 12:4–15, ಲೂಕ 14:28–30

ಹಾವೇರಿಯಿಂದ, ಬ್ಯಾಡಗಿಯಿಂದ ಬಸ್ ಹತ್ತಿ ಬಂದವರಿಗೆ ವಿಶೇಷ ವಂದನೆ. ಈ ವಾರ ಪಾಠ ಏನು ಅಂತ ಮೂರ್ನಾಲ್ಕು ಜನ ಮೆಸೇಜ್ ಮಾಡಿ ಕೇಳಿದ್ರಿ. ಕಾರಿನ ಬಗ್ಗೆ ಅಂದೆ. ಒಬ್ಬ ತಮ್ಮ ನಗುವ ಇಮೋಜಿ ಕಳಿಸಿದ. ನಗ್ರಿ, ಪರವಾಗಿಲ್ಲ. ಆದರೆ ನಿಮ್ಮಲ್ಲಿ ಎಷ್ಟೋ ಜನ ಮುಂದಿನ ಒಂದೆರಡು ವರ್ಷದಲ್ಲಿ ಹಾಕೋ ದೊಡ್ಡ ಸಹಿ ಇದೇ ಇರುತ್ತೆ. ಹಳೇ ಗಾಡಿ ರಿಪೇರಿ ಮಾಡಿಸಬೇಕಾ, ಇಲ್ಲಾ ಇಎಂಐ ಮೇಲೆ ಹೊಸದು ತರಬೇಕಾ? ಇದನ್ನು ಪ್ರಾರ್ಥನೆಗೂ ತರಬೇಕು, ಲೆಕ್ಕದ ಹಾಳೆಗೂ ತರಬೇಕು.

ಮೋಟೆಬೆನ್ನೂರು ಕ್ರಾಸಿನ ಆ ರಾತ್ರಿ

ನನ್ನದು 2010ರ ಆಲ್ಟೊ. ಮೊದಲಿನ ಮಾಲೀಕರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ನಾನು ತಗೊಂಡು ಒಂದು ವರ್ಷ ಆದ ಮೇಲೂ ಏಸಿ ಹಾಕಿದರೆ ಸೀನು ಬರ್ತಿತ್ತು! 2025ರ ಸೆಪ್ಟೆಂಬರಿನಲ್ಲಿ ಬ್ಯಾಡಗಿಯ ಮನೆಕೂಟ ಮುಗಿಸಿ ಬರುವಾಗ ಮೋಟೆಬೆನ್ನೂರು ಹತ್ತಿರ ಕ್ಲಚ್ ಹೋಯಿತು. ಮಳೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಲಗಿದ್ದ ಮಗಳು, ಎದುರಿಗೆ ಹೈವೇ ಲಾರಿಗಳು. ಇಬ್ಬರು ಸಹೋದರರು ಬೈಕಿನಲ್ಲಿ ಬಂದು ಗಾಡಿ ದೂಡಿ ಬದಿಗೆ ಹಾಕಿದರು.

ಮರುದಿನ ನಾನು ಒಂದು ಶೋರೂಮಿಗೆ ಹೋದೆ. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯುತ್ತೆ ಅಂತ ಎಲ್ಲ ಕಡೆ ಬ್ಯಾನರ್ ಹಾಕಿದ್ದರು. ಅಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ, "ಸರ್, ದಿನಕ್ಕೆ ಬರೀ 245 ರೂಪಾಯಿ ಅಷ್ಟೇ" ಅಂದ. ನನ್ನ ಮನಸ್ಸೂ ಆಮೆನ್ ಅಂದಿತು. ಕೈಯಲ್ಲಿ ಒಂದು ಲಕ್ಷ ಇತ್ತು. ಮಗಳ ಶಾಲೆಗೆ ಅಂತ ಕೂಡಿಟ್ಟದ್ದು. ಮನೆಗೆ ಬಂದು ಹೇಳಿದಾಗ ಹೆಂಡತಿ, "ಗಾಡಿ ದೂಡೂದಕ್ಕ ನನಗೇನ್ ನಾಚಿಕಿಲ್ಲ ರೀ. ಪಾಪುನ ಫೀಜಿನ ದುಡ್ಡು ಮಾತ್ರ ಮುಟ್ಟಬ್ಯಾಡ್ರಿ" ಅಂದಳು.

ನನಗೆ ಸಿಟ್ಟು ಬಂತು. ಯಾಕೆ ಬಂತು ಅಂತ ಆಮೇಲೆ ಗೊತ್ತಾಯಿತು. ನಾಚಿಕೆ ಇದ್ದದ್ದು ನನಗೆ. "ಪಾಸ್ಟರ್ ಗಾಡಿ ಮತ್ತೆ ನಿಂತೈತಿ" ಅನ್ನೋ ಮಾತು ನನ್ನನ್ನು ಶೋರೂಮಿಗೆ ಕರೆದುಕೊಂಡು ಹೋಗಿತ್ತು.

ನಾನು ಕೇಳದೇ ಬಿಟ್ಟ ಪ್ರಶ್ನೆ

ಇನ್ನೊಂದು ವಿಷಯ ಹೇಳಲೇಬೇಕು. ಆ ತಮ್ಮನ ಅಪ್ಪಣೆ ತಗೊಂಡೇ ಹೇಳ್ತಿದ್ದೇನೆ, ಹೆಸರು ಬೇಡ. ಅವನು ಏಳು ವರ್ಷದ ಸಾಲದ ಮೇಲೆ ಹೊಸ ಕಾರು ತಂದ. ಸಭೆಯಲ್ಲಿ ಸಾಕ್ಷಿ ಹೇಳಿದ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೀಲಿಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದವನು ನಾನೇ. ಅವನದು ಕಮಿಷನ್ ಮೇಲೆ ನಡೆಯೋ ಕೆಲಸ. ಒಂದು ಸೀಸನ್ ಕೈಕೊಟ್ಟಿತು. ಮೂರು ಕಂತು ತಪ್ಪಿತು, ಗಾಡಿ ಹೋಯಿತು. ನಾಲ್ಕು ತಿಂಗಳು ಅವನು ಸಭೆಗೇ ಬರಲಿಲ್ಲ. ಮನೆಗೆ ಹೋದಾಗ ಬಾಗಿಲಲ್ಲೇ ನಿಂತು, "ಅಣ್ಣಾ, ಅಷ್ಟು ಜನರ ಮುಂದೆ ಸಾಕ್ಷಿ ಹೇಳಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಬರಲಿ?" ಅಂದ.

ಪ್ರಿಯರೇ, ಆ ದಿನ ನಾನು ಅವನಿಗೆ ಗಾಡಿಯ ಬಣ್ಣ ಯಾವುದು ಅಂತ ಕೇಳಿದ್ದೆ. ಕಂತು ಎಷ್ಟು ಅಂತ ಕೇಳಿರಲಿಲ್ಲ. ಅದು ನನ್ನ ತಪ್ಪು. ಬಾಗಿಲಲ್ಲೇ ಅವನ ಹತ್ತಿರ ಕ್ಷಮೆ ಕೇಳಿದೆ.

ಲೂಕ 14ರಲ್ಲಿ ಕರ್ತನು ಗೋಪುರ ಕಟ್ಟುವವನ ಮಾತು ಹೇಳುತ್ತಾನೆ. ಅಲ್ಲಿ ಆತನು ಕಲಿಸ್ತಿರೋದು ಶಿಷ್ಯನಾಗುವುದರ ಬೆಲೆಯನ್ನು. ಆದರೆ ಉದಾಹರಣೆಗೆ ತಗೊಂಡದ್ದು ಮೊದಲು ಕುಳಿತು ಖರ್ಚು ಲೆಕ್ಕ ಹಾಕುವ ಮನುಷ್ಯನನ್ನು. ಲೆಕ್ಕ ಹಾಕುವುದು ಅವಿಶ್ವಾಸ ಆಗಿದ್ದರೆ ಯೇಸು ಆ ಉದಾಹರಣೆ ಕೊಡುತ್ತಿರಲಿಲ್ಲ. "ವಿಶ್ವಾಸದಿಂದ ಬುಕ್ ಮಾಡಿದೆ" ಅಂತ ಹೇಳೋ ಮೊದಲು ಕುಳಿತುಕೊಳ್ರಿ.

1. ಮೊದಲು ಗಾಡಿಯ ಸತ್ಯ ತಿಳಿಯಿರಿ

ಹೊಸ ಗಾಡಿ ಮಾರುವವರ ಹತ್ತಿರ ಹಳೇ ಗಾಡಿಯ ಆರೋಗ್ಯ ಕೇಳಬೇಡ್ರಿ. ನಂಬಿಕೆಯ ಒಬ್ಬ ಮಿಸ್ತ್ರಿಗೆ ದುಡ್ಡು ಕೊಟ್ಟು ಪೂರ್ತಿ ನೋಡಿಸ್ರಿ. ನಮ್ಮ ಮಿಸ್ತ್ರಿ ಅರ್ಧ ದಿನ ನೋಡಿ, "ಎಂಜಿನ್ ಗಟ್ಟಿ ಐತ್ರಿ. ಹೊಗಿ ಇಲ್ಲ, ಆಯಿಲ್ ಕುಡಿಯಂಗಿಲ್ಲ. ಚಾಸಿ ತುಕ್ಕ ಹಿಡಿದಿಲ್ಲ. ಸವಿಯೂ ಸಾಮಾನ ಸವದಾವು, ಅಷ್ಟ" ಅಂದ.

ಇದೇ ಮುಖ್ಯ ವ್ಯತ್ಯಾಸ. ಕ್ಲಚ್, ಟೈರು, ಬ್ರೇಕ್ ಶೂ, ಸಸ್ಪೆನ್ಷನ್ ಬುಶ್, ಇವು ಎಲ್ಲ ಗಾಡಿಯಲ್ಲೂ ಸವೆಯುತ್ತವೆ. ಬದಲಿಸಿದರೆ ಮುಗಿಯಿತು. ಆದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಪದೇ ಪದೇ ಆಯಿಲ್ ಕಡಿಮೆಯಾದರೆ, ಚಾಸಿ ಅಥವಾ ಸಸ್ಪೆನ್ಷನ್ ಕೂಡುವ ಜಾಗ ತುಕ್ಕು ತಿಂದಿದ್ದರೆ, ಅದು ಎಲುಬಿನ ರೋಗ. ಅಂಥ ಗಾಡಿಗೆ ಕಂತು ಕಂತಾಗಿ ದುಡ್ಡು ಸುರಿಯೋದು ಉಳಿತಾಯ ಅಲ್ಲ. ತುಕ್ಕು ಹಿಡಿದ ಚಾಸಿಯ ಮೇಲೆ ಮಕ್ಕಳನ್ನು ಕೂರಿಸಿ ಸರಳ ಜೀವನ ಅಂತ ಹೇಳಿಕೊಳ್ಳಬೇಡ್ರಿ.

2. ಆಮೇಲೆ ಲೆಕ್ಕ

ಬೋರ್ಡಿನ ಮೇಲೆ ಬರೆದದ್ದನ್ನೇ ಇಲ್ಲಿ ಹಾಕಿದ್ದೇನೆ. ನನ್ನ ರಿಪೇರಿ: ಕ್ಲಚ್ 6,500, ಸಸ್ಪೆನ್ಷನ್ 9,000, ನಾಲ್ಕು ಟೈರು 13,000, ರೇಡಿಯೇಟರ್ 4,000, ಬ್ರೇಕ್ 3,000, ಟಿಂಕರಿಂಗ್ 5,000. ಒಟ್ಟು 40,500. ಬಿಡಿಭಾಗಗಳ ಜಿಎಸ್‌ಟಿಯೂ ಅದೇ ಸೆಪ್ಟೆಂಬರ್ 22ಕ್ಕೆ ಶೇ. 18ಕ್ಕೆ ಇಳಿಯಿತು. ಅದಕ್ಕೆ ಯಾರೂ ಬ್ಯಾನರ್ ಕಟ್ಟಲಿಲ್ಲ!

ಗಾಡಿಗೆ 15 ವರ್ಷ ತುಂಬುತ್ತಿತ್ತು. ಹಾಗಾಗಿ ಆರ್‌ಸಿ ನವೀಕರಣ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಅವಧಿ ಮುಗಿಯೋ 60 ದಿನದೊಳಗೆ ಫಾರ್ಮ್ 25 ಹಾಕಬೇಕು, ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು. ಪಾಸಾದರೆ ಐದು ವರ್ಷ ಸಿಗುತ್ತೆ. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ದಂಡ. ಥರ್ಡ್ ಪಾರ್ಟಿ ವಿಮೆ, 1,000 ಸಿಸಿ ಒಳಗಿನ ಗಾಡಿಗೆ, 2,094 ಮತ್ತು ಜಿಎಸ್‌ಟಿ. ಎಲ್ಲ ಸೇರಿ ಸುಮಾರು 48,000.

ಈಗ ಹೊಸದು. ಎಕ್ಸ್‌ಶೋರೂಮ್ 4,60,000. ಐದು ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ರಸ್ತೆ ತೆರಿಗೆ ಶೇ. 13, ಅದರ ಮೇಲೆ ಸೆಸ್. ವಿಮೆ ಸೇರಿ ರಸ್ತೆಗೆ ಬರುವಾಗ 5,50,000. ಒಂದು ಲಕ್ಷ ಕಟ್ಟಿ ಉಳಿದ ನಾಲ್ಕೂವರೆ ಲಕ್ಷ ಸಾಲ, ಬಡ್ಡಿ ಶೇ. 9.5 ಅಂದುಕೊಳ್ಳೋಣ.

ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 9,450, ಒಟ್ಟು ಬಡ್ಡಿ 1,17,000.
ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 7,355, ಒಟ್ಟು ಬಡ್ಡಿ 1,68,000.

ದಿನಕ್ಕೆ 245 ರೂಪಾಯಿ ಅಂದದ್ದು ಸುಳ್ಳಲ್ಲ. ಆದರೆ ಕಂತು ಹಗುರಾಗಿ ಕಾಣಲಿ ಅಂತ ಎರಡು ವರ್ಷ ಉದ್ದ ಮಾಡಿದ್ದಕ್ಕೆ 50,000 ಹೆಚ್ಚು ಬಡ್ಡಿ. ಅದು ನನ್ನ ರಿಪೇರಿಯ ಪೂರ್ತಿ ಖರ್ಚಿಗಿಂತ ಜಾಸ್ತಿ! ವಿಮೆಯವರ ಸವಕಳಿ ಪಟ್ಟಿಯನ್ನೂ ನೋಡ್ರಿ. ಆರು ತಿಂಗಳು ದಾಟಿದರೆ ಶೇ. 15, ನಾಲ್ಕು ವರ್ಷ ದಾಟಿದರೆ ಶೇ. 50. ಏಳು ವರ್ಷದ ಸಾಲದಲ್ಲಿ ಐದು ವರ್ಷ ಕಟ್ಟಿದ ಮೇಲೂ 1,60,000 ಅಸಲು ಬಾಕಿ ಇರುತ್ತೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಇಲ್ಲಿ ಬಹಳ ಮನೆಗಳ ಆದಾಯ ಮೆಣಸಿನಕಾಯಿ, ಹತ್ತಿ, ಗೋವಿನಜೋಳ, ಬೀಜದ ವ್ಯಾಪಾರದ ಜೊತೆ ಏರಿಳಿಯುತ್ತೆ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದು ರೈತರ ಸಿಟ್ಟು ಬೆಂಕಿಯಾದದ್ದು ನಿಮಗೆ ನೆನಪಿದೆ. ಆ ತಿಂಗಳೂ ಯಾರ ಕಂತಿನ ತಾರೀಖೂ ಮುಂದೆ ಹೋಗಲಿಲ್ಲ. ಆದ್ದರಿಂದ ಒಳ್ಳೇ ತಿಂಗಳ ಆದಾಯ ಇಟ್ಟುಕೊಂಡು ಕಂತು ಲೆಕ್ಕ ಹಾಕಬೇಡ್ರಿ. ಕಳೆದ ಎರಡು ವರ್ಷದಲ್ಲಿ ಅತ್ಯಂತ ಕೆಟ್ಟ ತಿಂಗಳು ಯಾವುದು? ಆ ತಿಂಗಳಲ್ಲಿ ಅಪ್ಪ ಅಮ್ಮನ ಔಷಧಿ, ಮನೆಬಾಡಿಗೆ, ಕಾಣಿಕೆ ಎಲ್ಲ ಕೊಟ್ಟ ಮೇಲೆ 7,355 ಉಳಿಯುತ್ತಿತ್ತಾ?

ಲೀಸ್ ಬಗ್ಗೆ ಕೇಳಿದವರಿಗೆ

ನಮ್ಮ ಕಡೆ ಲೀಸ್ ಅಂದ್ರೆ ಮನೆ ಲೀಸೇ. ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಇಬ್ಬರು ಕಂಪನಿ ಲೀಸ್ ಬಗ್ಗೆ ಕೇಳಿದ್ದೀರಿ. ಅದರಲ್ಲಿ ಕಂಪನಿ ಗಾಡಿಯನ್ನು ಲೀಸಿಗೆ ತಗೊಂಡು, ತಿಂಗಳ ಬಾಡಿಗೆ ನಿಮ್ಮ ಸಂಬಳದಲ್ಲಿ ಹಿಡಿಯುತ್ತೆ. ತೆರಿಗೆಯಲ್ಲಿ ಲಾಭ ಆಗಬಹುದು. ಆದರೆ ಸಹಿಗೆ ಮೊದಲು ಮೂರು ಕೇಳ್ರಿ: ನಡುವೆ ಕೆಲಸ ಬಿಟ್ಟರೆ ಎಷ್ಟು ಕಟ್ಟಬೇಕು? ಅವಧಿ ಮುಗಿದಾಗ ಗಾಡಿ ಬೇಕಾದರೆ ಬೆಲೆ ಎಷ್ಟು? ವಿಮೆ, ಸರ್ವಿಸ್ ಬಾಡಿಗೆಯೊಳಗೇ ಇದೆಯಾ? ಕೆಲಸವೇ ಗಟ್ಟಿ ಇಲ್ಲದವರು ಮೊದಲನೇ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಪಡೆಯಬೇಕು.

3. ಯೋವಾಷನ ಪೆಟ್ಟಿಗೆ

ಈಗ 2 ಅರಸುಗಳು 12ಕ್ಕೆ ಬನ್ನಿ. ದೇವಾಲಯ ಶಿಥಿಲವಾಗಿತ್ತು. ಅರಸನಾದ ಯೋವಾಷನು ರಿಪೇರಿಗೆ ಅಪ್ಪಣೆ ಕೊಟ್ಟಿದ್ದ, ಹಣವೂ ಬರುತ್ತಿತ್ತು. ಆದರೂ ಅವನ ಆಳಿಕೆಯ ಇಪ್ಪತ್ತಮೂರನೇ ವರ್ಷದವರೆಗೂ ರಿಪೇರಿ ಆಗಿರಲಿಲ್ಲ! ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಗೊಂಡು, ಮುಚ್ಚಳಕ್ಕೆ ತೂತು ಮಾಡಿ, ಯಜ್ಞವೇದಿಯ ಪಕ್ಕ ಇಟ್ಟ. ಬಂದ ಹಣ ಅದರೊಳಗೆ ಹೋಯಿತು. ತುಂಬಿದಾಗ ಎಣಿಸಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ ಕೊಟ್ಟರು. ಬೆಳ್ಳಿ ಪಾತ್ರೆ ಮಾಡಿಸೋಕೆ ಅದನ್ನು ಮುಟ್ಟಲಿಲ್ಲ. ಕೆಲಸ ಮಾಡಿಸಿದವರು ನಂಬಿಗಸ್ತರಾಗಿದ್ದರು, ಅವರ ಹತ್ತಿರ ಲೆಕ್ಕವನ್ನೂ ಕೇಳಲಿಲ್ಲ.

ನಮ್ಮ ಕಷ್ಟ ಇಲ್ಲೇ ಇದೆ. ಹಣ ಬರುತ್ತೆ, ಪೆಟ್ಟಿಗೆ ಇಲ್ಲ. ಗಾಡಿ ನಿಂತಾಗ ಮಾತ್ರ ರಿಪೇರಿ ನೆನಪಾಗುತ್ತೆ. ಆಗ ಕೈಯಲ್ಲಿ ದುಡ್ಡಿಲ್ಲ, ಮನಸ್ಸಲ್ಲಿ ನಾಚಿಕೆ, ಎದುರಿಗೆ ಶೋರೂಮು. ಆ ಹೊತ್ತಲ್ಲಿ ಯಾರಾದರೂ ಸಹಿ ಹಾಕುತ್ತಾರೆ.

ನಾವು ರಿಪೇರಿ ಮಾಡಿಸಿದೆವು. ಆ ಲಕ್ಷದಲ್ಲಿ 48,000 ಹೋಯಿತು ನಿಜ. ಆದರೆ ಉಳಿದದ್ದು ಫೀಸಿಗೆ ಸಾಕಾಗುತ್ತೆ ಅಂತ ಹೆಂಡತಿ ಲೆಕ್ಕ ನೋಡಿ ಒಪ್ಪಿದಳು. ರಿಪೇರಿಗೆ ಅಲ್ಲಿಗೇ ನಿಲ್ಲಲಿಲ್ಲ. ಕಂತು ಕಟ್ಟೋಕೆ ಸಿದ್ಧನಿದ್ದ ಮನುಷ್ಯ ನನಗೇ ಕಂತು ಕಟ್ಟಿಕೊಳ್ಳಬಾರದಾ? ತಿಂಗಳಿಗೆ 4,000 ಬ್ಯಾಂಕಿನ ಆರ್‌ಡಿಗೆ ಹಾಕ್ತಿದ್ದೇವೆ. ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 1,44,000.

ಆ ದುಡ್ಡು ಯಾಕೆ? ಪ್ರಾಮಾಣಿಕವಾಗಿ ಹೇಳ್ತೀನಿ, ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯ. 2022ರ ನಂತರ ತಯಾರಾದ ಕಾರುಗಳಲ್ಲಿ ಮುಂದೆ ಎರಡು ಏರ್‌ಬ್ಯಾಗ್ ಇರುತ್ತೆ. ಗಾಡಿ ಬದಲಿಸೋಕೆ ನಿಜವಾದ ಕಾರಣ ಇದು. ಅದಕ್ಕೇ ನಮ್ಮ ಗುರಿ, ನಾಲ್ಕೈದು ವರ್ಷ ಹಳೆಯದಾದ, ಏರ್‌ಬ್ಯಾಗ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿ, ಸಾಲ ಇಲ್ಲದೆ ಅಥವಾ ಸಣ್ಣ ಸಾಲದಲ್ಲಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆರ್‌ಸಿಯಲ್ಲಿ ಹೈಪೊಥಿಕೇಷನ್ ಇದೆಯಾ ನೋಡ್ರಿ. ಇದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35 ಸಿಗದೆ ಪೂರ್ತಿ ದುಡ್ಡು ಕೊಡಬೇಡ್ರಿ. ಅಲ್ಲಿಯವರೆಗೆ ನಾನು ರಾತ್ರಿ ಹೈವೇಗೆ ಹೋಗಲ್ಲ. ಬ್ಯಾಡಗಿ ಕೂಟವನ್ನು ಸಂಜೆ ಐದಕ್ಕೆ ಇಟ್ಟಿದ್ದೇವೆ. ಹುಬ್ಬಳ್ಳಿಗೆ ರೈಲು.

ನಿಮ್ಮ ಲೆಕ್ಕ ಬೇರೆ ಇರಬಹುದು. ದಿನಾ ನೂರು ಕಿಲೋಮೀಟರ್ ಹೋಗುವವರಿಗೆ, ಸಂಬಳ ಗಟ್ಟಿ ಇದ್ದವರಿಗೆ, ಹಳೇ ಗಾಡಿಯ ಎಲುಬೇ ಹೋಗಿದ್ದರೆ, ಹೊಸದೇ ಸರಿ. ಹೊಸ ಗಾಡಿ ಪಾಪ ಅಲ್ಲ, ಹಳೇ ಗಾಡಿ ಭಕ್ತಿ ಅಲ್ಲ. ಯೇಸು ಯೆರೂಸಲೇಮಿಗೆ ಬಂದದ್ದು ಬೇರೆಯವರ ಕತ್ತೆಮರಿಯ ಮೇಲೆ. ಆ ದಿನ ಆತನ ಗೌರವ ಕಡಿಮೆ ಆಗಲಿಲ್ಲ.

ಇನ್ನು ಮೇಲೆ ನಮ್ಮ ಸಭೆಯಲ್ಲಿ ಯಾರಾದರೂ ದೊಡ್ಡ ಸಾಲಕ್ಕೆ ಸಹಿ ಹಾಕೋ ಮೊದಲು ಲೆಕ್ಕದ ಹಾಳೆ ತಗೊಂಡು ಬನ್ನಿ. ಒಟ್ಟಿಗೆ ಕೂರೋಣ, ಲೆಕ್ಕ ನೋಡೋಣ, ಪ್ರಾರ್ಥಿಸೋಣ. ಕಂತು ಈಗಾಗಲೇ ತಪ್ಪಿದ್ದರೆ ಅಡಗಿಕೊಳ್ಳಬೇಡ್ರಿ. ಗಾಡಿ ಹೋದರೂ ನಿಮ್ಮ ಜಾಗ ಇಲ್ಲೇ ಇರುತ್ತೆ. ಆ ತಮ್ಮ ಇವತ್ತು ಇಲ್ಲಿ ಕೂತಿದ್ದಾನೆ, ಬಸ್ಸಿನಲ್ಲಿ ಬಂದ. ಕರ್ತನಿಗೆ ಸ್ತೋತ್ರ.

ಕೂಟದಲ್ಲಿ ಮಾತಾಡಲು

1. ನನ್ನ ಗಾಡಿಯಲ್ಲಿ ಸವೆದದ್ದು ಯಾವುದು, ಎಲುಬು ಹೋದದ್ದು ಯಾವುದು?
2. ನನ್ನ ಕೆಟ್ಟ ತಿಂಗಳು ಎಷ್ಟು ಕಂತು ಹೊರುತ್ತೆ?
3. ಯಾರೂ ನೋಡದಿದ್ದರೂ ನಾನು ಇದೇ ಗಾಡಿ ತಗೊಳ್ತಿದ್ದೆನಾ?
4. ಈ ತಿಂಗಳಿಂದ ನನ್ನ ಪೆಟ್ಟಿಗೆಗೆ ಎಷ್ಟು?

ಪ್ರಾರ್ಥನೆ: ತಂದೆಯೇ, ನಮ್ಮ ನಾಚಿಕೆಯನ್ನು ನಿನ್ನ ಮುಂದೆ ಇಡುತ್ತೇವೆ. ಕೊಟ್ಟಿರುವುದನ್ನು ಕಾಯುವ ನಂಬಿಗಸ್ತಿಕೆ ಕೊಡು. ದಾರಿಯಲ್ಲಿ ನಮ್ಮ ಮನೆಯವರನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.