ಬರುವ ದಿನ ಮೊದಲು ಗೊತ್ತು ಮಾಡಿ

ಶಹಾಪುರದಿಂದ ಲೇಹ್‌ವರೆಗೆ ಗಂಡ ಹೆಂಡತಿ ಬೈಕಿನ ಮೇಲೆ ಹೋಗುತ್ತೀರಂತೆ. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ ಹೋಗಿದೆಯಂತೆ. ಮೊದಲನೆಯದನ್ನು ನೀವೇ ಊರಿಗೆಲ್ಲ ಹೇಳಿದಿರಿ. ಎರಡನೆಯದನ್ನು ಊರು ನನಗೆ ಹೇಳಿತು. ಕೆಲಸ ಹೋದರೆ ಮಾನವೇನೂ ಹೋಗುವುದಿಲ್ಲ. ಆದರೆ ಒಂದನ್ನು ಡಂಗುರ ಸಾರಿ, ಇನ್ನೊಂದನ್ನು ಬಚ್ಚಿಟ್ಟಿರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ.

ಹೋಗಬೇಡಿ ಅನ್ನುವ ಮುದುಕ ನಾನಲ್ಲ. ಹತ್ತಿ ಹೇರಿದ ಲಾರಿಯ ಸ್ಟೇರಿಂಗ್ ಹಿಡಿದೇ ಹಲ್ಲು ಉದುರಿಸಿಕೊಂಡವನು. ದಾರಿಯ ರುಚಿ ಹತ್ತಿದವನಿಗೆ ಮನೆಯ ಕಟ್ಟೆ ಚುಚ್ಚುತ್ತದೆ, ಗೊತ್ತು. ಅದರಲ್ಲೂ ನಮ್ಮೂರ ಕಟ್ಟೆ. ಬೆಳಿಗ್ಗೆ ಹಾಲು ತರಲು ಹೋದರೂ ಸಾಕು, ‘ಏನಪಾ ತಮ್ಮಾ, ಇನ್ನೂ ಸೂಟಿ ಮುಗಿದಿಲ್ಲೇನು?’ ಅಂತ ನಾಲ್ಕು ಮಂದಿ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಹಿಮಾಲಯ ಹತ್ತುವುದು ಸಲೀಸು ಅನ್ನಿಸಿರಬೇಕು ನಿಮಗೆ. ಆದರೆ ಆ ಪ್ರಶ್ನೆ ಬೈಕಿನ ಹಿಂದೆಯೇ ಬರುತ್ತದೆ. ಝಾನ್ಸಿಯ ಢಾಬಾದಲ್ಲೂ ಪಕ್ಕದ ಮಂಚದವನು ಕೇಳುವುದು ಎರಡೇ ಮಾತು: ಯಾವ ಊರು, ಏನು ಕೆಲಸ? ಹಾಗಾಗಿ ಹೊರಡುವ ಮೊದಲೇ ಇಲ್ಲಿನ ಕಟ್ಟೆಯ ಮೇಲೆ ಒಮ್ಮೆ ಹೇಳಿಬಿಡಿ: ‘ಕೆಲಸ ಹೋಗೇದ, ಹುಡುಕಾಕತ್ತೀವಿ.’ ಎರಡು ದಿನ ಆಡಿಕೊಳ್ಳುತ್ತಾರೆ. ಮೂರನೇ ದಿನ ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಇನ್ನು ಕೆಲಸವಿಲ್ಲದ ಗಂಡ ಹೆಂಡತಿ ದೂರದ ದಾರಿ ಹಿಡಿಯುವುದು ನಮ್ಮ ಜಿಲ್ಲೆಗೆ ಹೊಸದೇ? ಸುಗ್ಗಿ ಮುಗಿದ ಮೇಲೆ ಯಾದಗಿರಿ ಸ್ಟೇಷನ್ನಿಗೆ ಹೋಗಿ ನೋಡಿ. ಸುರಪುರ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ನಿಮ್ಮದೇ ವಯಸ್ಸಿನ ಜೋಡಿಗಳು ಪಾತ್ರೆಯ ಚೀಲ, ಚಾಪೆ, ಕಂಕುಳಲ್ಲೊಂದು ಕೂಸು ಹೊತ್ತು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೊರಟಿರುತ್ತವೆ. ಅವರ ಫೋಟೋವನ್ನು ಯಾರೂ ಮೆಚ್ಚಿ ಹಂಚಿಕೊಳ್ಳುವುದಿಲ್ಲ. ಆದರೆ ಪ್ರಯಾಣ ಅಂದರೆ ಏನು ಅಂತ ಅವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇಸ್ತ್ರಿ ಯಾರು, ಇಳಿದ ರಾತ್ರಿ ಮಲಗುವುದು ಎಲ್ಲಿ, ಜ್ವರ ಬಂದರೆ ಯಾರಿಗೆ ಫೋನು, ಎಲ್ಲ ಲೆಕ್ಕ ಹಾಕಿಯೇ ಗಂಟು ಕಟ್ಟುತ್ತಾರೆ. ‘ಯಾವಾಗ ಬರ್ತೀರವ್ವಾ?’ ಅಂತ ಕೇಳಿ ನೋಡಿ. ‘ಉಗಾದಿಗೆ ಬರ್ತೀವ್ರಿ. ತಪ್ಪಿದರ ಮುಂಗಾರಿ ಬಿತ್ತಿಗಿಗೆ.’ ಬಾಯಲ್ಲೇ ಇರುತ್ತದೆ ಉತ್ತರ.

ಅದೇ ಪ್ರಶ್ನೆ ನಿಮಗೆ ಕೇಳಿದೆ. ‘ನೋಡೋಣ ಅಜ್ಜಾ, ಹೋದಂಗ ಹೋಗೋದು’ ಅಂದಿರಿ. ಕೇಳಲು ಚೆಂದ. ಹಾಗೆ ಹೋದವರನ್ನು ಕರೆತರಲು ಹಿಂದಿನಿಂದ ಅಪ್ಪ ದುಡ್ಡು ಕಳಿಸಬೇಕಾಗುತ್ತದೆ. ಹೊರಡುವ ದಿನ ಬೇಕಾದರೆ ನಾಲ್ಕು ದಿನ ಹಿಂದೆ ಮುಂದೆ ಆಗಲಿ. ಬರುವ ದಿನವನ್ನು ಈಗಲೇ ಗೊತ್ತು ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಹೋಗಿ.

ದುಡ್ಡಿನ ಮಾತಿಗೆ ಬರೋಣ. ಹೋಗಿ ಬರುವುದು, ನಡುವೆ ಅಲ್ಲಿ ಇಲ್ಲಿ ಅಡ್ಡಾಡುವುದು ಹಿಡಿದರೆ 6,000 ಕಿಲೋಮೀಟರ್ ಆದೀತು. ಲೀಟರಿಗೆ 40 ಕಿಲೋಮೀಟರ್ ಕೊಟ್ಟರೂ 150 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 15,000 ರೂಪಾಯಿ. ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ, ಅದೊಂದು ಪುಣ್ಯ. ಇಷ್ಟು ಲೆಕ್ಕ ನೀವೂ ಹಾಕಿದ್ದೀರಿ, ಬಲ್ಲೆ. ಹಾಕದೆ ಬಿಟ್ಟದ್ದು ಬಂದ ಮೇಲಿನ ಲೆಕ್ಕ. ಬಂದ ಮರುದಿನವೇ ಯಾರೂ ಕೆಲಸ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವುದಿಲ್ಲ. ಇರುವ ದುಡ್ಡಿನಲ್ಲಿ ಅರ್ಧವನ್ನು ಬಂದ ಮೇಲಿನ ತಿಂಗಳುಗಳಿಗೆ ಎತ್ತಿಡಿ. ಉಳಿದ ಅರ್ಧದಲ್ಲಿ ಲೇಹ್ ಮುಟ್ಟದಿದ್ದರೆ ನಾಗಪುರದ ತನಕ ಹೋಗಿ ಬನ್ನಿ. ನಾಗಪುರದ ಕಿತ್ತಳೆ ತಿಂದವರೇನೂ ಕೆಟ್ಟಿಲ್ಲ.

ಬೈಕಿನ ಕಂತು ನಡೆಯುತ್ತಿದೆ ತಾನೆ? ಆ ದುಡ್ಡನ್ನು ಬೇರೆಯೇ ಇಡಿ. ಪಿಎಫ್ ಹಣಕ್ಕೆ ಕೈ ಹಾಕುವ ಮೊದಲು ತಿಳಿದವರನ್ನು ಕೇಳಿ. ಐದು ವರ್ಷದ ಸೇವೆ ತುಂಬದೆ ತೆಗೆದರೆ ತೆರಿಗೆ ಬೀಳಬಹುದು. ಇನ್ನು ಇವಳ ಬಂಗಾರ ಗಿರವಿ ಇಡುವ ಯೋಚನೆ ನಿನ್ನ ತಲೆಯ ಯಾವ ಮೂಲೆಯಲ್ಲಾದರೂ ಇದ್ದರೆ ತಮ್ಮಾ, ಈಗಲೇ ಕಸಬರಿಗೆ ತಗೊಂಡು ಗುಡಿಸು.

ಮೈಸೂರಿನ ಕೃಷ್ಣಕುಮಾರ್ ಅವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಲು ನೋಡಿದಿರಿ ಮೊನ್ನೆ. ಅವರ ಬಗ್ಗೆ ನನಗೂ ಗೌರವವೇ. ಪಕ್ಕದ ಬೇಲೂರು ಹಳೇಬೀಡನ್ನೂ ನೋಡದ ತಾಯಿ ಚೂಡಾರತ್ನ ಅವರನ್ನು ತಂದೆಯ ಹಳೆಯ ಬಜಾಜ್ ಚೇತಕ್ ಮೇಲೆ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ದೇಶ ಸುತ್ತಿ ನೇಪಾಳ, ಭೂತಾನಗಳನ್ನೂ ತೋರಿಸಿದರು. ಮಠಗಳಲ್ಲಿ, ಗುಡಿಗಳಲ್ಲಿ ಮಲಗಿ ಎದ್ದರು. ಆದರೆ ಅವರು ವರ್ಷಗಟ್ಟಲೆ ದುಡಿದು, ಕೂಡಿಟ್ಟು, ಆಮೇಲೆ ತಾವಾಗಿ ಕೆಲಸ ಬಿಟ್ಟವರು. ನಿಮ್ಮನ್ನು ಕೆಲಸವೇ ಬಿಟ್ಟಿದೆ. ಬಿಟ್ಟು ಹೊರಟವನು ಎಣಿಸಿ ಹೊರಟಿರುತ್ತಾನೆ. ಬಿಡಿಸಿಕೊಂಡವನಿಗೆ ಸಿಟ್ಟು ಇರುತ್ತದೆ, ಅವಸರ ಇರುತ್ತದೆ. ಆ ಎರಡೂ ಆಕ್ಸಿಲರೇಟರಿನ ಮೇಲೆ ಇಳಿಯುತ್ತವೆ. ಅದಕ್ಕೇ ಇಷ್ಟು ಕೊರೆಯುತ್ತಿದ್ದೇನೆ.

ಈಗ ತಂಗಿ, ನಿನಗೊಂದು ಮಾತು. ಗಾಡಿಯ ವಿಮೆ ಪತ್ರವನ್ನು ನೀನೇ ಕೈಯಲ್ಲಿ ಹಿಡಿದು ಓದು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂದೆ ಕೂತವರು ಅದರೊಳಗೆ ಬರುವುದಿಲ್ಲ. ಗಾಡಿಯ ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆ ಕಡ್ಡಾಯ. ನಿನಗೆ ಬೇಕಾದರೆ ಕೇಳಿ, ಮೇಲೆ ಸ್ವಲ್ಪ ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕು. ಗಂಡ ಬೈಕಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಲು ಖರ್ಚು ಮಾಡುವ ಮೊದಲು ಇದನ್ನು ಮಾಡಿಸು. ಹೆಲ್ಮೆಟ್ಟೂ ಅಷ್ಟೇ. ಅವನದು ಸಾವಿರಾರು ರೂಪಾಯಿಯದು, ನಿನ್ನದು ರಸ್ತೆ ಬದಿಯ ಟೋಪಿ. ಬೀಳುವಾಗ ನೆಲ ಬೆಲೆಯ ಚೀಟಿ ನೋಡುವುದಿಲ್ಲ.

ನೀನೂ ಕಲಿ, ಲೈಸೆನ್ಸ್ ತೆಗೆಸು, ನಡುನಡುವೆ ನೀನೂ ಓಡಿಸು. ಇಲ್ಲದಿದ್ದರೆ 6,000 ಕಿಲೋಮೀಟರೂ ಇವನ ಹೆಲ್ಮೆಟ್ಟಿನ ಹಿಂಭಾಗವೇ ನಿನಗೆ ಭಾರತ ದರ್ಶನ.

ದಾರಿ, ಕಾಲ ಎರಡೂ ನೋಡಿ ಹೊರಡಿ. ಯಾದಗಿರಿ ದಾಟಿ ಗುರುಮಠಕಲ್, ನಾರಾಯಣಪೇಟೆ, ಮಹಬೂಬನಗರ, ಅಲ್ಲಿಂದ ಮುಂದೆ ಜಡಚರ್ಲಾದ ಹತ್ತಿರ 44ನೇ ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. ಅದು ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾ ಹಿಡಿದು ಬಡಗಣ ದಿಕ್ಕಿಗೆ ಒಯ್ಯುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿ ಹಿಮ ಕರಗಿ ತೆರೆಯುವಷ್ಟರಲ್ಲಿ ಸಾಮಾನ್ಯವಾಗಿ ಮೇ ಇಲ್ಲವೇ ಜೂನ್ ಬಂದಿರುತ್ತದೆ. ದಾರಿ ತೆರೆದ ದಿನವೇ ಅಲ್ಲಿರಬೇಕು ಅಂತ ಹಟ ಹಿಡಿದರೆ ಮೇ ತಿಂಗಳ ಬಿಸಿಲಲ್ಲಿ ನಾಗಪುರ ದಾಟಬೇಕು. ನಮ್ಮ ಕಡೆಯ ಬಿಸಿಲಿಗೆ ಹುಟ್ಟಿದವರು, ಅದೇನು ಮಹಾ ಅನ್ನಬೇಡಿ. ಇಲ್ಲಿ ಬೇವಿನ ಮರದ ಕೆಳಗೆ ಕೂರುತ್ತೀರಿ, ಅಲ್ಲಿ ಟಾರಿನ ಮೇಲೆ ಕೂರುತ್ತೀರಿ. ಅವಸರ ಬಿಟ್ಟು ಆಗಸ್ಟ್ ಕೊನೆಗೆ ಹೊರಡಿ. ದಾರಿಯಲ್ಲಿ ಮಳೆ ಸಿಕ್ಕೀತು, ಸಿಗಲಿ, ನಿಂತು ಹೋಗಿ. ನಾಗಪುರ ದಾಟಿ ಸಿವನಿಗೆ ಹೋಗುವಾಗ ಪೇಂಚ್ ಕಾಡಿನಲ್ಲಿ ರಸ್ತೆಯನ್ನೇ ಎತ್ತರಿಸಿ, ಕೆಳಗೆ ಹುಲಿ ಓಡಾಡಲು ದಾರಿ ಬಿಟ್ಟಿದ್ದಾರೆ. ಹುಲಿಗೂ ಅವಸರವಿಲ್ಲದ ಜಾಗ ಅದು, ಮೆಲ್ಲಗೆ ಹೋಗಿ.

ಯಾದಗಿರಿ ಸಮುದ್ರ ಮಟ್ಟದಿಂದ 400 ಮೀಟರ್ ಎತ್ತರವೂ ಇಲ್ಲ. ಲೇಹ್ ಸುಮಾರು 3,500 ಮೀಟರ್. ಮುಟ್ಟಿದ ಮೇಲೆ ಎರಡು ದಿನ ಸುಮ್ಮನೆ ಬಿದ್ದುಕೊಳ್ಳಿ, ಉಸಿರು ಹೊಂದಿಕೊಳ್ಳಲಿ. ಮನೆಯಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡ ಅನುಭವ ಇದೆಯಲ್ಲ, ಅಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು, ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ, ಲಡಾಖಿನಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹಾಕಿದ ಅರ್ಜಿಗೆ ಫೋನು ಬರುವುದು ಯಾವಾಗಲೂ ನೆಟ್‌ವರ್ಕ್ ಇಲ್ಲದ ದಿನವೇ.

ಕತ್ತಲಾದ ಮೇಲೆ ಓಡಿಸಬೇಡಿ. ಇದನ್ನು ಲಾರಿಯವನ ಬಾಯಿಂದ ಕೇಳಿ: ರಾತ್ರಿ ನಮಗೆ ನೀವು ಕಾಣುವುದಿಲ್ಲ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ನಿಮಗೆ ಕಾಣುವುದಿಲ್ಲ. ರಸ್ತೆಯನ್ನೇ ಕಣ ಮಾಡಿ ತೊಗರಿ ಹರವಿದ್ದರೆ, ರಾಶಿ ಜಾರದಂತೆ ಅಂಚಿಗೆ ಇಟ್ಟ ಕಲ್ಲು ಯಾರಿಗೂ ಕಾಣುವುದಿಲ್ಲ. ಹೊಟ್ಟೆ ತುಂಬ ಉಂಡ ಮೇಲೆ ಮಧ್ಯಾಹ್ನ ಎರಡಕ್ಕೆ ಕಣ್ಣು ಎಳೆಯುತ್ತದೆ, ಆಗ ಚಹಾ ಕುಡಿದು ಗೆಲ್ಲಲು ಹೋಗಬೇಡಿ. ಅರ್ಧ ತಾಸು ಮಲಗಿ. ಅಜ್ಜಿ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬೇಡ ಅನ್ನಬೇಡಿ. ಎಷ್ಟು ದಿನವಾದರೂ ಕೆಡದ ಬುತ್ತಿ. ಢಾಬಾದ ಬಿಲ್ ನೋಡಿದ ದಿನ ಅಜ್ಜಿ ನೆನಪಾಗುತ್ತಾಳೆ.

ಇನ್ನು ದಾರಿಯಲ್ಲಿ ಸಿಗುವ ಜನರ ಮಾತು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದ್ದೀರಾ? ನೋಡಿದ್ದೀರಿ, ಸೆಲ್ಫಿ ತೆಗೆದುಕೊಂಡು ಬಂದಿದ್ದೀರಿ. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ 1824ರಲ್ಲಿ, 15 ವರ್ಷದ ಹುಡುಗನಾಗಿ, ಹಡಗು ಹತ್ತಿ ಮುಂಬೈಗೆ ಬಂದಿಳಿದವನು. ಕೆಲಸ ಕೊಡುತ್ತೇನೆಂದಿದ್ದ ವ್ಯಾಪಾರಿಯ ಕೋಠಿ ನೋಡಿದರೆ ಮುಳುಗುತ್ತಿತ್ತು. ನೆಂಟರೊಬ್ಬರ ಕೈ ಹಿಡಿದು ನಿಜಾಮನ ಸೈನ್ಯ ಸೇರಿದ. 1841ರಲ್ಲಿ ಸುರಪುರಕ್ಕೆ ಬಂದು ಹತ್ತು ವರ್ಷದ ಮೇಲೆ ಇಲ್ಲಿದ್ದ. ನನಗೆ ಈಗ ಬೇಕಾದದ್ದು ಅವನು 1839ರಲ್ಲಿ ಬರೆದ ಠಗ್ಗರ ಕಾದಂಬರಿ. ಠಗ್ಗರು ಪೊದೆಯಿಂದ ಹಾರಿ ಬೀಳುತ್ತಿದ್ದ ಕಳ್ಳರಲ್ಲ. ದಾರಿಹೋಕರ ಜೊತೆ ದಿನಗಟ್ಟಲೆ ನಡೆದು, ಕೂಡಿ ಉಂಡು, ಅಣ್ಣ ತಮ್ಮ ಅಂತ ಕರೆದು, ನಂಬಿದ ಮೇಲೆ ಕುತ್ತಿಗೆಗೆ ರುಮಾಲು ಹಾಕಿ ಎಳೆಯುತ್ತಿದ್ದರು. ಈಗ ರುಮಾಲಿಲ್ಲ, ಓಟಿಪಿ ಇದೆ. ‘ಅಣ್ಣಾ, ಒಂದ್ ಕಾಲ್ ಮಾಡ್ತೀನಿ, ಫೋನ್ ಕೊಡು’ ಅಂದವನಿಗೆ ನಂಬರು ಕೇಳಿ ನೀವೇ ಮಾತಾಡಿಸಿ. ಹಾಗಂತ ಎಲ್ಲರನ್ನೂ ಅನುಮಾನಿಸಬೇಡಿ. ಕೆಟ್ಟು ನಿಂತ ಗಾಡಿಗೆ ಮೊದಲು ಕೈ ಕೊಡುವವನು ಗುರುತಿಲ್ಲದವನೇ.

ಕೊನೆಗೆ ನಿಮ್ಮಿಬ್ಬರ ಗುಣದ ಮಾತು. ತಮ್ಮಾ, ನೀನು ದಾರಿ ತಪ್ಪಿದರೂ ಯಾರನ್ನೂ ಕೇಳುವವನಲ್ಲ. ಮ್ಯಾಪಿನ ಹೆಂಗಸು ಹೇಳಿದಳು ಅಂತ ಹೊಲದೊಳಗೆ ಗಾಡಿ ಇಳಿಸುವ ಪೈಕಿ. ಪಕ್ಕದಲ್ಲಿ ಎಮ್ಮೆ ಕಾಯುವವನನ್ನು ಕೇಳಿದರೆ ಮೀಸೆ ಉದುರುವುದಿಲ್ಲ. ತಂಗಿ, ನೀನು ಸಿಟ್ಟು ಬಂದರೆ ಆಡುವವಳಲ್ಲ, ನುಂಗುವವಳು. ಮೂರು ದಿನ ನುಂಗಿ, ನಾಲ್ಕನೇ ದಿನ ಒಟ್ಟಿಗೇ ಕಕ್ಕುತ್ತೀ. ಊರಲ್ಲಾದರೆ ಬೇರೆ ಕೋಣೆ ಇರುತ್ತದೆ, ಅತ್ತೆ ಇರುತ್ತಾಳೆ, ಮುನಿಸಿಗೆ ಮರೆ ಇರುತ್ತದೆ. ಬೈಕಿನ ಮೇಲೆ ಮುನಿಸಿಕೊಂಡರೂ ಅವನ ಸೊಂಟವನ್ನೇ ಹಿಡಿದುಕೊಳ್ಳಬೇಕು. ಕರ್ನಾಟಕದೊಳಗಿದ್ದರೆ ‘ನಿನ್ನ ಬೈಕು ನೀನೇ ಇಟ್ಕೊ’ ಅಂತ ಕೆಂಪು ಬಸ್ ಹತ್ತಿ, ಶಕ್ತಿ ಯೋಜನೆಯಲ್ಲಿ ಪುಕ್ಕಟೆ ತವರು ಸೇರಬಹುದು. ನಾರಾಯಣಪೇಟೆ ಮುಟ್ಟಿದರೆ ತೆಲಂಗಾಣ, ಅಲ್ಲಿಯ ಪುಕ್ಕಟೆ ಬಸ್ಸು ಅಲ್ಲಿಯ ಹೆಣ್ಣುಮಕ್ಕಳಿಗೆ. ಅಲ್ಲಿಂದಾಚೆಗೆ ಜಗಳವಾಡುವವರು ಟಿಕೆಟಿನ ದುಡ್ಡು ಇಟ್ಟುಕೊಂಡು ಆಡಬೇಕು.

ದುಡ್ಡಿನ ಚೀಲ ಒಬ್ಬರ ಕೈಯಲ್ಲೇ ಇರುವುದೂ ಬೇಡ. ಒಬ್ಬರು ಖರ್ಚು ಮಾಡಿ, ಒಬ್ಬರು ಬರೆದಿಡಿ, ವಾರಕ್ಕೊಮ್ಮೆ ಅದಲು ಬದಲು ಆಗಲಿ. ಕೆಲಸವಿಲ್ಲದ ದಿನಗಳಲ್ಲಿ ಹತ್ತು ರೂಪಾಯಿಯ ಚಹಾದ ಮೇಲೂ ಮಾತು ಬೆಳೆಯುತ್ತದೆ. ‘ನಿನಗಿಂತ ಮೊದಲು ನನ್ನ ಕೆಲಸ ಹೋಗಿರಲಿಲ್ಲ’ ಅನ್ನುವ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಕೂಡದು. ಬಂದರೆ ಆ ದಿನದ ಓಟ ಅಲ್ಲಿಗೇ ನಿಲ್ಲಿಸಿ, ಉಂಡು, ಮಲಗಿ.

ಇಷ್ಟೆಲ್ಲ ಕೇಳಿಯೂ ಹೋಗುತ್ತೀರಿ, ನನಗೆ ಗೊತ್ತು. ಹಾಗಾದರೆ ಈ ಭಾನುವಾರ ಒಂದು ಕೆಲಸ ಮಾಡಿ. ಲೇಹ್‌ಗೆ ಒಯ್ಯುವ ಅಷ್ಟೂ ಸಾಮಾನು ಬೈಕಿಗೆ ಕಟ್ಟಿ, ನಸುಕಿಗೇ ಶಹಾಪುರ ಬಿಡಿ. ಸುರಪುರ ದಾಟಿ ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈ ಮುಗಿದು, ಕೃಷ್ಣೆಯ ನೀರಿಗೆ ಕಾಲು ಇಳಿಬಿಟ್ಟು ಕೂತು ರೊಟ್ಟಿ ತಿನ್ನಿ. ತಿರುಗಿ ಹುಣಸಗಿ ಮೇಲೆ ನಾರಾಯಣಪುರಕ್ಕೆ ಹೋಗಿ ಬಸವಸಾಗರ ನೋಡಿ. ಬಿಸಿಲಿರಲಿ, ಮಳೆ ಇರಲಿ, ಹೊತ್ತು ಮುಳುಗುವ ಮೊದಲು ಮನೆ ಮುಟ್ಟಿ. ಎಷ್ಟು ಸಲ ಹಗ್ಗ ಸಡಿಲಾಯಿತು, ಯಾರ ಸೊಂಟ ಮೊದಲು ಹಿಡಿಯಿತು, ಯಾರು ಯಾರಿಗೆ ಎಲ್ಲಿ ಬೈದಿರಿ, ಎಷ್ಟು ಖರ್ಚಾಯಿತು, ಎಲ್ಲ ಬರೆದುಕೊಂಡು ಸೋಮವಾರ ನನ್ನ ಹತ್ತಿರ ಬನ್ನಿ. ಬರುವಾಗ ವಿಮೆ ಪತ್ರ, ಆ ಗೀಟು ಹಾಕಿದ ಕ್ಯಾಲೆಂಡರು ಎರಡನ್ನೂ ತನ್ನಿ. ನೋಡಿ, ಆಮೇಲೆ ಬೇಕಾದರೆ ಮೊದಲ ಟ್ಯಾಂಕಿನ ಪೆಟ್ರೋಲ್ ನಾನೇ ಹಾಕಿಸುತ್ತೇನೆ.