ಬ್ಯಾರನ್ ಸೌದೆಯನ್ನು ಸೀಳಿ ಒಣಗಿಸಿರಿ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯಾ ತಂಬಾಕು ಬೇಯಿಸುವ ಬ್ಯಾರನ್‌ಗಳಿಗೆ ಸೌದೆಯೇ ಆಧಾರ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ. ಆ ನೀರನ್ನು ಆವಿ ಮಾಡುವುದಕ್ಕೇ ಬಹಳ ಶಾಖ ಹೋಗುತ್ತದೆ. ಕಾವು ಏರಿಳಿದರೆ ಎಲೆಯ ಬಣ್ಣ ಕೆಟ್ಟು, ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಆದುದರಿಂದ ಮಾಘ-ಫಾಲ್ಗುಣದಲ್ಲೇ ಸರ್ವೆ, ನೀಲಗಿರಿ ದಿಮ್ಮಿಗಳನ್ನು ಸೀಳಿರಿ. ತೊಗಟೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಸೀಳಿದ ಮೈ ಬೇಗ ಒಣಗುತ್ತದೆ. ದಿಮ್ಮಿಯ ತುದಿಯ ಬಿರುಕಿಗೆ ಬೆಣೆಯಿಟ್ಟು ಹೊಡೆಯಿರಿ. ಗಂಟಿರುವ ಕಡೆ ಬೇಡ. ಸೀಳುಗಳು ನೆಲಕ್ಕೆ ತಾಗದಂತೆ, ಗಾಳಿಯಾಡುವಂತೆ ಒಟ್ಟಿರಿ. ಮಳೆಗೆ ಮುಂಚೆ ಮೇಲೆ ಮುಚ್ಚಿರಿ. ಎರಡು ಸೀಳುಗಳನ್ನು ತಟ್ಟಿದಾಗ ಟಣ್ ಎಂದರೆ ಒಣಗಿತೆಂದು ತಿಳಿಯಿರಿ.

ಉಳಿದ ಪ್ರತಿ ಗಾಡಿ ಸೌದೆಯೂ ನಿಮ್ಮ ಕೈಯಲ್ಲುಳಿದ ಹಣ. ಊರಿಗೆ ಉಳಿದ ಮರ.