ಹಳೆಯ ಕಾರಿಗೆ ಹೊಸ ಚುಕ್ಕಾಣಿ

ಸದಾಶಿವ ಪೇಠದ ಓಣಿಗಳು ಮೋಟಾರುಗಳಿಗಾಗಿ ಹುಟ್ಟಿದವುಗಳಲ್ಲ. ಪೇರೂಗೇಟಿನ ಬಳಿಯ ಒಂದು ಓಣಿಯಲ್ಲಿ, ಎರಡೇ ಆಸನಗಳ ಹಳೆಯ ತೆರೆದ ಕಾರನ್ನು ತಿರುಗಿಸಲು ಅದರ ಒಡೆಯರು ಪಡುತ್ತಿದ್ದ ಪಾಡನ್ನು ನಮ್ಮ ವಿದ್ಯಾರ್ಥಿಗಳು ಕೆಲವರು ಕಂಡು ಬಂದರು. ಇಷ್ಟು ಚಿಕ್ಕ ಕಾರಿನ ಚುಕ್ಕಾಣಿ ಇಷ್ಟೇಕೆ ಭಾರ, ಬೇರೊಂದನ್ನು ಹಾಕಿಸಬಾರದೆ ಎಂದು ತರಗತಿಯಲ್ಲಿ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿದ್ದೇವೆ.

ಆ ಕಾರಿನ ಹೆಸರು ಎಂ.ಜಿ. ಟಿ.ಸಿ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1945ರಿಂದ 1949ರವರೆಗೆ ಇಂತಹ ಕಾರುಗಳು ಸುಮಾರು 10,000 ತಯಾರಾದುವು. ಎಲ್ಲವುಗಳಲ್ಲಿಯೂ ಚುಕ್ಕಾಣಿಯು ಬಲಗಡೆಗೇ ಇದ್ದಿತು.

ಬಲ ಮತ್ತು ದೂರ

ಚುಕ್ಕಾಣಿ ಚಕ್ರದ ಕಂಬವು ಕೆಳಗೆ ಒಂದು ಪೆಟ್ಟಿಗೆಯೊಳಗೆ ಹೋಗುತ್ತದೆ. ಅಲ್ಲಿ ತಿರುಪಿನಂತೆ ತೋಡುಳ್ಳ ದಂಡವೂ, ಆ ತೋಡಿನಲ್ಲಿ ಸರಿಯುವ ಗೂಟವೂ ಇವೆ. ಗೂಟವು ಸರಿದಾಗ ಒಂದು ಸನ್ನೆಯು ತಿರುಗಿ, ಕಂಬಿಗಳ ಮೂಲಕ ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಈ ಕಾರಿನ ಚುಕ್ಕಾಣಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲು ಪೂರ್ತಿ ಎರಡು ಸುತ್ತೂ ಬೇಕಿಲ್ಲ. ಓಟದಲ್ಲಿ ಇದು ಚುರುಕು; ಓಣಿಯಲ್ಲಿ ಬಲು ಭಾರ.

ಒಂದು ಲೆಕ್ಕ ಮಾಡೋಣ. ಗಾಲಿಗಳು ಒಟ್ಟು 60 ಡಿಗ್ರಿ ತಿರುಗಬೇಕೆಂದು ಇಟ್ಟುಕೊಳ್ಳಿ. ಒಂದೂವರೆ ಸುತ್ತು ಎಂದರೆ 540 ಡಿಗ್ರಿ. ಪ್ರಮಾಣ 9ಕ್ಕೆ 1. ಮೂರು ಸುತ್ತು ಎಂದರೆ 1080 ಡಿಗ್ರಿ. ಪ್ರಮಾಣ 18ಕ್ಕೆ 1. ಘರ್ಷಣೆಯನ್ನು ಬಿಟ್ಟರೆ, ಎರಡನೆಯದಕ್ಕೆ ಅರ್ಧ ಬಲವೇ ಸಾಕು. ಆದರೆ ಕೈಯು ಎರಡರಷ್ಟು ದೂರ ಚಲಿಸಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕೆಂಬುದೇ ಸನ್ನೆಯ ನಿಯಮ. ಎದುರಿಗೆ ಮಗುವೊಂದು ಓಡಿಬಂದಾಗ ಆ ಹೆಚ್ಚಿನ ದೂರವನ್ನು ಕ್ಷಣಾರ್ಧದಲ್ಲಿ ತೆರಬೇಕಾಗುವುದೆಂಬುದನ್ನು ಮರೆಯಬಾರದು.

ಮೊದಲು ಕಾರಣವನ್ನು ಹುಡುಕಬೇಕು

ಭಾರಕ್ಕೆ ಪೆಟ್ಟಿಗೆಯೊಂದೇ ಕಾರಣವಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಾಗಿರಬಹುದು. ಗಾಲಿಯು ತಿರುಗುವ ಕಿಂಗ್‌ಪಿನ್ ಗ್ರೀಸಿಲ್ಲದೆ ಬಿಗಿದಿರಬಹುದು. ಆದುದರಿಂದ ಮುಂಭಾಗವನ್ನು ಎತ್ತಿ, ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಪೆಟ್ಟಿಗೆಯಿಂದ ಗಾಲಿಗೆ ಹೋಗುವ ಕಂಬಿಯನ್ನು ಕಳಚಬೇಕು. ಆಗಲೂ ಗಾಲಿಯು ಬಿಗಿಯಾಗಿಯೇ ತಿರುಗಿದರೆ ದೋಷವು ಪೆಟ್ಟಿಗೆಯಲ್ಲಿಲ್ಲ. ನಾವು ಕಂಡ ಕಾರಿನಲ್ಲಿ ಎರಡೂ ದೋಷಗಳಿದ್ದುವು: ಕಿಂಗ್‌ಪಿನ್ನುಗಳು ಒಣಗಿದ್ದುವು, ಪೆಟ್ಟಿಗೆಯ ಗೂಟವೂ ಸವೆದಿತ್ತು. ಮೊದಲನೆಯದನ್ನು ಸರಿಪಡಿಸದೆ ಹೊಸ ಪೆಟ್ಟಿಗೆ ಹಾಕಿದ್ದರೆ ರೋಗವನ್ನು ಮುಚ್ಚಿಟ್ಟಂತಾಗುತ್ತಿತ್ತು.

ಯಾವುದು ಹೊಂದುತ್ತದೆ?

1950ರಲ್ಲಿ ಬಂದ ಎಂ.ಜಿ. ಟಿ.ಡಿ. ಕಾರಿನಲ್ಲಿ ಹಲ್ಲುಪಟ್ಟಿ ಮತ್ತು ಹಲ್ಲುಚಕ್ರದ ಚುಕ್ಕಾಣಿ ಇತ್ತು. ಅದನ್ನೇ ಟಿ.ಸಿ.ಗೆ ಏಕೆ ಕೂಡಿಸಬಾರದು? ಟಿ.ಡಿ.ಯ ಮುಂದಿನ ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. ಟಿ.ಸಿ.ಯಲ್ಲಿ ಎರಡೂ ಗಾಲಿಗಳಿಗೆ ಒಂದೇ ಅಚ್ಚು. ಅದು ಪಟ್ಟೆಸ್ಪ್ರಿಂಗುಗಳ ಮೇಲೆ ಏರಿಳಿಯುತ್ತದೆ. ಹಲ್ಲುಪಟ್ಟಿಯನ್ನು ಷಾಸಿಗೆ ಬಿಗಿದರೆ ಅಚ್ಚು ಏರಿದಾಗ ಅದು ಏರುವುದಿಲ್ಲ. ಆಗ ಕಂಬಿಗಳು ಜಗ್ಗಿ, ಚಾಲಕನು ತಿರುಗಿಸದೆಯೇ ಗಾಲಿಗಳು ತಿರುಗುತ್ತವೆ. ಆದುದರಿಂದಲೇ ಹೊರದೇಶಗಳಲ್ಲಿ ಟಿ.ಸಿ. ಒಡೆಯರು ಫೋಕ್ಸ್‌ವ್ಯಾಗನ್ ಅಥವಾ ಡಾಟ್ಸನ್ ಕಾರಿನ ಪೆಟ್ಟಿಗೆಯನ್ನು ಅಳವಡಿಸಿದ್ದುಂಟು.

ಇಲ್ಲಿಯೂ ಎಚ್ಚರ ಬೇಕು. ಬೇರೆ ಕಾರಿಗಾಗಿ ಮಾಡಿದ ಪೆಟ್ಟಿಗೆಯನ್ನು ಬೇರೆ ದಿಕ್ಕಿನಲ್ಲಿ ಕೂರಿಸಿದರೆ, ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದಾಗ ಗಾಲಿಗಳು ಬಲಕ್ಕೆ ತಿರುಗಬಹುದು.

ಜೋಡಿಸುವ ಕ್ರಮ

1. ಗಾಲಿಗಳು ನೇರವಾಗಿರುವಾಗ ಪೆಟ್ಟಿಗೆಯು ತನ್ನ ನಡುಸ್ಥಾನದಲ್ಲಿರಬೇಕು. ಹಲ್ಲುಗಳ ಹಿಡಿತವು ಅಲ್ಲಿ ಅತಿ ಬಿಗಿಯಾಗಿರುತ್ತದೆ.
2. ಸನ್ನೆ, ಕಂಬಿಗಳನ್ನು ಕಾಯಿಸಿ ಬಗ್ಗಿಸಬಾರದು, ಬೆಸೆಯಬಾರದು; ಕಾವಿನಿಂದ ಉಕ್ಕಿನ ಹದ ಕೆಡುತ್ತದೆ.
3. ನಟ್ಟುಗಳನ್ನು ಅಳತೆಯ ಪಾನದಿಂದ ಬಿಗಿದು, ಹೊಸ ಸ್ಪ್ಲಿಟ್ ಪಿನ್ನುಗಳನ್ನೇ ಹಾಕಬೇಕು.
4. ಕೊನೆಯಿಂದ ಕೊನೆಗೆ ತಿರುಗಿಸಿ, ಟೈರು ಎಲ್ಲಿಯೂ ತಾಗದೆಂದು ನೋಡಬೇಕು. ಅನಂತರ ಜನರಿಲ್ಲದ ಬಯಲಿನಲ್ಲಿ ನಿಧಾನವಾಗಿ ಪರೀಕ್ಷಿಸಬೇಕು.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯು ನೋಂದಣಿಪತ್ರದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2021ರ ನಿಯಮಗಳ ಪ್ರಕಾರ, 50 ವರ್ಷ ಮೀರಿದ ಕಾರು ಪುರಾತನ ವಾಹನವೆನಿಸಬೇಕಾದರೆ ಅದರ ಷಾಸಿ, ಮೈಕಟ್ಟು, ಎಂಜಿನ್ನುಗಳು ಮೂಲರೂಪದಲ್ಲಿರಬೇಕು. ಆದುದರಿಂದ ಷಾಸಿಯನ್ನು ಕೊರೆಯದೆ, ಬೋಲ್ಟಿನಿಂದ ಬಿಗಿಯುವ ಆಧಾರವನ್ನೇ ಬಳಸುವುದು ಜಾಣತನ. ಕಳಚಿದ ಹಳೆಯ ಪೆಟ್ಟಿಗೆಗೆ ಎಣ್ಣೆ ಸವರಿ ಜೋಪಾನವಾಗಿಡತಕ್ಕದ್ದು.

ಆ ಕಾರು ಈಗ ಓಣಿಯಲ್ಲಿ ಸುಲಭವಾಗಿ ತಿರುಗುತ್ತದೆ. ಕೈಗೆ ಹಗುರವಾದುದೆಲ್ಲವೂ ಕ್ಷೇಮಕರವಲ್ಲ. ಅಳೆದು, ಪರೀಕ್ಷಿಸಿ, ಮತ್ತೊಮ್ಮೆ ನೋಡಿದುದೇ ಕ್ಷೇಮಕರ. ಈ ಮಾತು ಬಾಲಕರ ಸೈಕಲ್ಲಿನ ಹ್ಯಾಂಡಲಿಗೂ ಸಲ್ಲುತ್ತದೆ. ಇಂದು ಮನೆಗೆ ಹೋಗುವ ಮುನ್ನ ಮುಂದಿನ ಗಾಲಿಯನ್ನು ಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಒಮ್ಮೆ ತಿರುಗಿಸಿ ನೋಡಿ. ಗಾಲಿ ನಿಂತು ಹ್ಯಾಂಡಲು ಮಾತ್ರ ತಿರುಗಿದರೆ, ಅದನ್ನು ಬಿಗಿಸಿದ ಮೇಲೆಯೇ ಏರಿರಿ.